ಒಡೆದ ಗಾಜಿನ ಪಂಕ್ತಿಭೇದ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು 1948ರವರೆಗೆ ನಿಜಾಮರ ಆಳ್ವಿಕೆಗೆ ಸೇರಿದ್ದವು. ರಾಜಧಾನಿ ಹೈದರಾಬಾದಿನ ಚೌಮೊಹಲ್ಲಾ ಅರಮನೆಯ ದರ್ಬಾರಿನಲ್ಲಿ ಬೆಲ್ಜಿಯಂ ಸ್ಫಟಿಕದ 19 ತೂಗುದೀಪಗಳು. ಇಲ್ಲಿಯ ಬಡವನ ಮನೆಯಲ್ಲಿ ಒಂದೇ ಕಂದೀಲು.

ಎರಡೂ ಗಾಜೇ. ಒಡೆದಾಗಿನ ಗತಿ ಮಾತ್ರ ಬೇರೆ. ತೂಗುದೀಪವೆಂದರೆ ತಂತಿಯಲ್ಲಿ ಪೋಣಿಸಿದ ಬಿಡಿ ಲೋಲಕಗಳ ಗೊಂಚಲು. ಒಂದು ಬಿದ್ದರೆ ಅದನ್ನಷ್ಟೇ ಬದಲಿಸಿದರಾಯಿತು. ಆ ಅರಮನೆಯ ಜೀರ್ಣೋದ್ಧಾರಕ್ಕೆ 2010ರಲ್ಲಿ ಯುನೆಸ್ಕೋದ ಪ್ರಶಸ್ತಿಯೂ ಬಂದಿತು.

ಕಂದೀಲಿನ ಗಾಜಾದರೋ ಅಖಂಡ. ಉರಿಯುವಾಗ ಒಂದು ಹನಿ ತಣ್ಣೀರು ಸಿಡಿದರೆ ಸಾಕು, ಹನಿ ಬಿದ್ದ ಭಾಗ ಥಟ್ಟನೆ ಕುಗ್ಗುತ್ತದೆ, ಸುತ್ತಲಿನದು ಕುಗ್ಗದು, ಗಾಜು ಸೀಳುತ್ತದೆ. ಪಾತ್ರೆಗೆ ಕಲಾಯಿಯವನುಂಟು, ಇದಕ್ಕಾರು? ಬೆಸೆಯಲು ಕುಲುಮೆಯ ಕಾವು ಬೇಕು. ಮನೆಯ ಅಂಟು ಉರಿಗೆ ನಿಲ್ಲದು. ಒಡೆದ ಶಹಾಬಾದ ಕಲ್ಲಾದರೂ ಯಾವುದೋ ಕಟ್ಟೆಗೆ ಬಂದೀತು!

1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ರೈಲು ಓಡಿತು. ಚಿಂಚೋಳಿಗೆ ಅದೂ ಇಲ್ಲ. ಹೊಸ ಗಾಜು ಸಿಗುವ ಸಂತೆಯ ದಿನದವರೆಗೆ ಗೃಹಿಣಿ ಸೀಳಿನ ಮೇಲೆ ಕಾಗದದ ಪಟ್ಟಿ ಅಂಟಿಸಿ ದಿನ ನೂಕಬೇಕು. ಆ ಪಟ್ಟಿಯ ನೆರಳು ಓದುವ ಹುಡುಗನ ಪುಟದ ಮೇಲೆ ಬೀಳುತ್ತಿತ್ತು. ಅವನು ಪುಸ್ತಕವನ್ನು ಅತ್ತ ಇತ್ತ ಸರಿಸಿಕೊಂಡು ಓದುತ್ತಿದ್ದ.