ದಿನಕ್ಕೊಂದೇ ಫೋಟೊ

ಜೇಬಿನಲ್ಲಿ ಕ್ಯಾಮೆರಾ ಇಲ್ಲದವರು ಈಗ ಅಪರೂಪ. ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಫೋನಿನೊಳಗೆ ಇನ್ನೂರು ಮುನ್ನೂರು ಫೋಟೊಗಳು ಸೇರಿಬಿಟ್ಟಿರುತ್ತವೆ. ಅದಕ್ಕೆ ದುಡ್ಡೂ ಬೇಕಿಲ್ಲ, ಶ್ರಮವೂ ಬೇಕಿಲ್ಲ. ಇಂಥ ಕಾಲದಲ್ಲಿ ದೇಶದೇಶಗಳ ಸಾವಿರಾರು ಜನ ತಮಗೆ ತಾವೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದಾರೆ: ದಿನಕ್ಕೆ ಒಂದು ಫೋಟೊ, ಅದೂ ಆ ದಿನ ಕಣ್ಣಿಗೆ ಬಿದ್ದ ಯಾವುದೋ ಸಾಮಾನ್ಯ ವಸ್ತುವಿನದು. ತೊಳೆದು ಬೋರಲು ಹಾಕಿದ ಲೋಟ, ತುಕ್ಕು ಹಿಡಿದ ಚಿಲಕ, ಬಸ್ಸಿನ ಕಿಟಕಿಯ ಮೇಲೆ ಒಣಗಿದ ಮಳೆಹನಿಯ ಗುರುತು. ಇದು ಮೊಬೈಲು ತಂದ ಹೊಸ ಗೀಳು ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಛಾಯಾಗ್ರಹಣದ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಎರಡು ಬೇರೆ ಬೇರೆ ಧಾರೆಗಳು ಕಾಣುತ್ತವೆ. ದಿನಬಳಕೆಯ ವಸ್ತು ಚಿತ್ರಕ್ಕೆ ಯೋಗ್ಯವೆಂದು ಒಪ್ಪಿಕೊಂಡದ್ದು ಒಂದು; ಕ್ಯಾಲೆಂಡರನ್ನೇ ಚಿತ್ರದ ಚೌಕಟ್ಟು ಮಾಡಿಕೊಂಡದ್ದು ಇನ್ನೊಂದು. ಇವೆರಡೂ ಕೂಡಿಕೊಂಡದ್ದು ಬಹಳ ತಡವಾಗಿ. ಕೂಡಿಕೊಂಡ ಕಡೆಯಲ್ಲೆಲ್ಲ ಅದಕ್ಕೆ ಕಸುವು ಬಂದದ್ದು ಕ್ಯಾಮೆರಾ ಅಗ್ಗವಾದದ್ದರಿಂದಲ್ಲ, ತೆಗೆಯುವವರು ತಾವೇ ಹಾಕಿಕೊಂಡ ಮಿತಿಯಿಂದ ಎಂಬುದು ಈ ಲೇಖನದ ವಾದ.

ಮೊದಲ ಧಾರೆ ಛಾಯಾಗ್ರಹಣದಷ್ಟೇ ಹಳೆಯದು. ಫ್ರಾನ್ಸಿನ ನಿಯೆಪ್ಸ್ 1826-27ರ ಸುಮಾರಿಗೆ ಬೆಳಕಿನಿಂದ ಹಿಡಿದಿಟ್ಟ ಚಿತ್ರದಲ್ಲಿರುವುದು ಅವನ ಮನೆಯ ಕಿಟಕಿಯಾಚೆ ಕಂಡ ಸೂರುಗಳು. ಬೆಳಕು ತಾಸುಗಟ್ಟಲೆ ಬೀಳಬೇಕಿದ್ದುದರಿಂದ ಅಲುಗಾಡದ ವಸ್ತುಗಳೇ ಆಗ ಗತಿ. ಆದರೆ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಸಾಮಾನ್ಯ ವಸ್ತುವನ್ನು ಅನಿವಾರ್ಯವೆಂದು ತೆಗೆದವನಲ್ಲ, ಬೇಕೆಂದೇ ಆರಿಸಿದವನು. 1844ರಿಂದ 1846ರವರೆಗೆ ಕಂತುಗಳಲ್ಲಿ ಬಂದ ಅವನ ‘ದಿ ಪೆನ್ಸಿಲ್ ಆಫ್ ನೇಚರ್’ ಪುಸ್ತಕದ ಆರನೆಯ ಚಿತ್ರ ‘ದಿ ಓಪನ್ ಡೋರ್’. ಕಲ್ಲಿನ ಕಟ್ಟಡವೊಂದರ ಬಾಗಿಲು ತೆರೆದಿದೆ. ಹೊಸ್ತಿಲ ಬಳಿ ಉದ್ದ ಕೋಲಿನ ಪೊರಕೆಯೊಂದು ಓರೆಯಾಗಿ ಒರಗಿದೆ. ಪಕ್ಕದ ಗೋಡೆಗೆ ಲಾಟೀನು, ಕುದುರೆಯ ಲಗಾಮು ತೂಗಿವೆ. ಒಳಗಿನ ಕತ್ತಲೆಯ ಆಚೆ ಕಿಟಕಿಯೊಂದರ ಮಸುಕು ಬೆಳಕು. ಪೊರಕೆಯ ಓರೆಗೂ ಬಾಗಿಲ ಮೇಲೆ ಬಿದ್ದ ನೆರಳಿನ ಓರೆಗೂ ಹೊಂದಿಕೆ ಇದೆ. ಅದು ತಾನಾಗಿ ಬಂದದ್ದಲ್ಲ, ಈ ದೃಶ್ಯವನ್ನು ಟಾಲ್ಬಟ್ ಒಂದಕ್ಕಿಂತ ಹೆಚ್ಚು ಸಲ ತೆಗೆದು ನೋಡಿದ್ದ. ನಿತ್ಯದ ಸಂಗತಿಗಳನ್ನು ಚಿತ್ರಕ್ಕೆ ತರಲು ಡಚ್ ಚಿತ್ರಕಾರರೇ ತನಗೆ ಆಧಾರ ಎಂದು ಅವನು ಬರೆದೂ ಇಟ್ಟ. ಅರಮನೆ ಇಲ್ಲ, ಚರ್ಚು ಇಲ್ಲ, ದೊಡ್ಡ ಮನುಷ್ಯರಿಲ್ಲ. ಒಂದು ಪೊರಕೆ ನೋಡಲು ಯೋಗ್ಯ ಎಂಬ ಮಾತನ್ನು ಕ್ಯಾಮೆರಾದ ಬಾಲ್ಯದಲ್ಲೇ ಒಬ್ಬ ಆಡಿಬಿಟ್ಟಿದ್ದ.

ಆ ಮಾತು ಮುಂದಿನ ನೂರು ವರ್ಷ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ನೂರು ಫೋಟೊ ತುಂಬುವ ಕೊಡಕ್ ಕ್ಯಾಮೆರಾ ತಂದ. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂತು. ಕ್ಯಾಮೆರಾ ಮನೆಮನೆಗೆ ಹೋಯಿತು. ಆದರೆ ಮನೆಯವರು ಅದನ್ನು ತಿರುಗಿಸಿದ್ದು ಪೊರಕೆಯ ಕಡೆಗಲ್ಲ, ಹುಟ್ಟುಹಬ್ಬ, ಪ್ರವಾಸ, ಮದುವೆಗಳ ಕಡೆಗೆ. ಅಗ್ಗವಾದರೆ ಸಾಕು, ಜನ ಸಣ್ಣದನ್ನು ನೋಡಲು ಶುರುಮಾಡುತ್ತಾರೆ ಎಂಬ ನಂಬಿಕೆ ಇಲ್ಲಿಗೇ ಸುಳ್ಳಾಗುತ್ತದೆ. ನಮ್ಮಲ್ಲಂತೂ ಅಗ್ಗದ ಮಾತೇ ಇರಲಿಲ್ಲ. ಆಗ್ಫಾ ಕ್ಲಿಕ್-3 ಕ್ಯಾಮೆರಾದ ಒಂದು ರೀಲಿಗೆ ಹನ್ನೆರಡೇ ಫೋಟೊ. ಉದಕಮಂಡಲದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮು ತಯಾರಿಸುತ್ತಿದ್ದರೂ ರೀಲು ಕೊಳ್ಳುವುದು, ತೊಳೆಸುವುದು, ಪ್ರಿಂಟು ಹಾಕಿಸುವುದು ಮಧ್ಯಮ ವರ್ಗದ ಮನೆಗೆ ಲೆಕ್ಕ ಹಾಕಿ ಮಾಡುವ ಖರ್ಚೇ ಆಗಿತ್ತು. ಗೌರಿಹಬ್ಬಕ್ಕೆ ಹಾಕಿದ ರೀಲು ಯುಗಾದಿಯವರೆಗೂ ಕ್ಯಾಮೆರಾದಲ್ಲೇ ಉಳಿದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಇಂಥ ಕೊರತೆಯ ನಡುವೆಯೂ ಮೈಸೂರಿನ ಟಿ.ಎಸ್. ಸತ್ಯನ್ ಅವರಂಥವರು ಸಾಮಾನ್ಯ ಜನರ ಸಾಮಾನ್ಯ ಗಳಿಗೆಗಳನ್ನೇ ಜೀವಮಾನದ ಕೆಲಸವಾಗಿ ಹಿಡಿದರು. ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಕೊರತೆ ನೋಟವನ್ನು ಕೊಲ್ಲಲೇಬೇಕೆಂದಿಲ್ಲ ಎನ್ನುವುದಕ್ಕೆ ಅವರ ಕೆಲಸ ಸಾಕ್ಷಿ.

ಪ್ಯಾರಿಸ್ಸಿನಲ್ಲಿ ಯೂಜೀನ್ ಅಟ್ಜೆ ಇದಕ್ಕೂ ಬಹಳ ಮೊದಲೇ ಸಾಮಾನ್ಯ ವಸ್ತುಗಳನ್ನು ತೆಗೆಯುವುದನ್ನು ನಿತ್ಯದ ಕಸುಬೇ ಮಾಡಿಕೊಂಡಿದ್ದ. ಭಾರದ ಮರದ ಕ್ಯಾಮೆರಾ, ಗಾಜಿನ ಪ್ಲೇಟುಗಳನ್ನು ಹೊತ್ತು 1927ರಲ್ಲಿ ಸಾಯುವವರೆಗೂ ಬಾಗಿಲ ಹಿಡಿಕೆ, ಮೆಟ್ಟಿಲ ಕಂಬಿ, ಅಂಗಡಿಯ ಗಾಜಿನೊಳಗಿನ ಬೊಂಬೆಗಳನ್ನು ತೆಗೆದ. ಎಂಟು ಸಾವಿರಕ್ಕೂ ಹೆಚ್ಚು ಚಿತ್ರಗಳು. ಎರಡನೆಯ ಮಹಾಯುದ್ಧದ ಹೊತ್ತಿಗೆ, ಮೊದಲ ಯುದ್ಧದಲ್ಲೇ ಬಲಗೈ ಕಳೆದುಕೊಂಡಿದ್ದ ಯೋಸೆಫ್ ಸುದೆಕ್ ನಾಜಿಗಳ ಹಿಡಿತದಲ್ಲಿದ್ದ ಪ್ರಾಗ್ ನಗರದಲ್ಲಿ ಕುಳಿತು ತನ್ನ ಸ್ಟುಡಿಯೊದ ಕಿಟಕಿಯೊಂದನ್ನೇ ತೆಗೆಯತೊಡಗಿದ. 1940ರಿಂದ 1954ರವರೆಗೆ ಅದೇ ಗಾಜು, ಅದರ ಮೇಲಿನ ಹಬೆ, ಹಿಮ, ಆಚೆಯ ಸೊಟ್ಟ ಮರ. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಕೆಲಸ ಇದು. ಒಂದು ಚಿತ್ರವನ್ನು ಮಾತ್ರ ಕಂಡವರಿಗೆ ಅದು ಬರಿಯ ಮಂಜು ಕವಿದ ಗಾಜು. ಸಾಲಾಗಿ ನೋಡಿದಾಗ ಋತು ತಿರುಗುತ್ತದೆ, ಮರ ಬೆಳೆಯುತ್ತದೆ, ಹಬೆ ಗಾಜಿನ ಮೇಲೆ ಹನಿಯಾಗುವ ಬಗೆ ದಿನದಿಂದ ದಿನಕ್ಕೆ ಬೇರೆಯಾಗುತ್ತದೆ. ಜಾಗ ಕಟ್ಟಿಹಾಕಿದ್ದರಿಂದ ಕಣ್ಣು ಕಾಲವನ್ನು ಕಾಣಲು ಕಲಿಯಿತು.

ಅಮೆರಿಕದಲ್ಲಿ ಸಾಮಾನ್ಯ ವಸ್ತು ಚಿತ್ರಕ್ಕೆ ಯೋಗ್ಯವೇ ಎಂಬ ಪ್ರಶ್ನೆ ದೊಡ್ಡ ಜಗಳವಾಗಿ ಎದ್ದದ್ದು 1970ರ ದಶಕದಲ್ಲಿ. ಸ್ಟೀಫನ್ ಶೋರ್ 1972ರಲ್ಲಿ ಊರೂರು ಸುತ್ತುತ್ತ ತಾನು ತಿಂದ ಊಟ, ಮಲಗಿದ ಹಾಸಿಗೆ, ಹೋಟೆಲಿನ ಪಾಯಿಖಾನೆಗಳನ್ನು ಮಾಮೂಲಿ ಕಲರ್ ಫಿಲ್ಮಿನಲ್ಲಿ ತೆಗೆದ. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಜಾನ್ ಜಾರ್ಕೊವ್‌ಸ್ಕಿ ಏರ್ಪಡಿಸಿದ ವಿಲಿಯಂ ಎಗ್ಲ್‌ಸ್ಟನ್ ಪ್ರದರ್ಶನದಲ್ಲಿ ಮಗುವಿನ ಮೂರು ಗಾಲಿಯ ಸೈಕಲ್ಲಿನಂಥ ಚಿತ್ರಗಳನ್ನು ಕಂಡು ‘ನ್ಯೂಯಾರ್ಕ್ ಟೈಮ್ಸ್’ ವಿಮರ್ಶಕ ಹಿಲ್ಟನ್ ಕ್ರೇಮರ್ ಇವು ತೀರಾ ಸಪ್ಪೆ, ಬೇಸರ ಹುಟ್ಟಿಸುವಂಥವು ಎಂದು ಬರೆದ. ಅವನ ಆಕ್ಷೇಪವನ್ನು ಹಗುರಾಗಿ ನೋಡಬಾರದು. ಒಂದು ಲೋಟದ ಚಿತ್ರ ಒಂದು ಲೋಟದ ಚಿತ್ರವೇ. ಅದನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಅದರಲ್ಲಿ ಅರ್ಥ ಹುಟ್ಟುವುದಿಲ್ಲ. ಕ್ರೇಮರ್ ಎಡವಿದ್ದು ಒಂದೊಂದೇ ಚಿತ್ರವನ್ನು ಬಿಡಿಯಾಗಿ ತೂಗಿದ್ದರಲ್ಲಿ. ಸಾಮಾನ್ಯ ವಸ್ತುವಿನ ಚಿತ್ರ ತನ್ನ ಅಕ್ಕಪಕ್ಕದ ಚಿತ್ರಗಳಿಂದ ಅರ್ಥ ಪಡೆಯುತ್ತದೆ: ಯಾವುದನ್ನು ಆರಿಸಿದರು, ಯಾವುದನ್ನು ಬಿಟ್ಟರು, ಯಾವುದು ಮತ್ತೆ ಮತ್ತೆ ಬಂತು. ಸಾಲು ಬೇಕಾದರೆ ಅದನ್ನು ಪೋಣಿಸುವ ದಾರ ಬೇಕು. ಆ ದಾರವನ್ನು ಒದಗಿಸಿದ್ದು ಎರಡನೆಯ ಧಾರೆ, ಅಂದರೆ ಕ್ಯಾಲೆಂಡರು.

ಇದು ಮೊದಲು ಬಂದದ್ದು ಛಾಯಾಗ್ರಹಣದ ಹೊರಗಿನಿಂದ. ಜಪಾನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಕಲಾವಿದ ಆನ್ ಕವಾರಾ 1966ರಿಂದ ಆಯಾ ದಿನದ ತಾರೀಕನ್ನೇ ಕ್ಯಾನ್‌ವಾಸಿನ ಮೇಲೆ ಬರೆಯತೊಡಗಿದ. ಆ ದಿನ ಮುಗಿಯುವಷ್ಟರಲ್ಲಿ ಚಿತ್ರ ಮುಗಿಯದಿದ್ದರೆ ಅದನ್ನು ನಾಶ ಮಾಡುತ್ತಿದ್ದ. ಇಟಲಿಯ ಲುಯಿಜಿ ಗಿರ್ರಿ 1974ರಲ್ಲಿ ದಿನಕ್ಕೊಂದು ಸಲ ಆಕಾಶವನ್ನು ತೆಗೆದು 365 ಚಿತ್ರಗಳನ್ನು ಒಟ್ಟು ಸೇರಿಸಿದ. ದಿನ ಮತ್ತು ದಿನಬಳಕೆ ಎರಡೂ ನಿಜವಾಗಿ ಒಂದಾದದ್ದು ನ್ಯೂಯಾರ್ಕಿನ ಜೇಮಿ ಲಿವಿಂಗ್‌ಸ್ಟನ್ ಕೈಯಲ್ಲಿ. 1979ರ ಮಾರ್ಚ್ 31ರಂದು ಶುರುಮಾಡಿ, ಕ್ಯಾನ್ಸರಿನಿಂದ ತೀರಿಕೊಂಡ 1997ರ ಅಕ್ಟೋಬರ್ 25ರವರೆಗೆ ಅವನು ದಿನಕ್ಕೊಂದು ಪೋಲರಾಯ್ಡ್ ತೆಗೆದ. ಆರು ಸಾವಿರಕ್ಕೂ ಹೆಚ್ಚು. ಅವನು ಬಳಸಿದ ಎಸ್‌ಎಕ್ಸ್-70 ಕ್ಯಾಮೆರಾದ ಒಂದು ಪ್ಯಾಕಿಗೆ ಹತ್ತೇ ಹಾಳೆ, ಹಾಳೆಯೂ ದುಬಾರಿ. ನೆಗೆಟಿವ್ ಇಲ್ಲ, ತಿದ್ದುವಂತಿಲ್ಲ. ಒತ್ತಿದರೆ ಹಾಳೆ ಹೊರಬಂದು ಕಣ್ಣೆದುರೇ ಬಣ್ಣ ಮೂಡುತ್ತದೆ, ಅಷ್ಟೇ. ಅವನ ಗೆಳೆಯ ಹ್ಯೂ ಕ್ರಾಫರ್ಡ್ ಹೇಳಿರುವ ಪ್ರಸಂಗವೊಂದಿದೆ. ದಾರಿಯಲ್ಲಿ ಸರ್ಕಸ್ಸಿನ ಕಸರತ್ತು ಎದುರಾದಾಗ ಇವತ್ತಿನ ಫೋಟೊ ಸಿಕ್ಕಿತು ನೋಡು ಎಂದರೆ, ಇಲ್ಲ, ಇವತ್ತಿನದು ಆಗಲೇ ಆಗಿಹೋಗಿದೆ, ಮಧ್ಯಾಹ್ನದ ಊಟವನ್ನು ತೆಗೆದುಬಿಟ್ಟೆ ಎಂದನಂತೆ. ಸರ್ಕಸ್ಸನ್ನು ಬಿಟ್ಟು ಊಟದ ತಟ್ಟೆಗೆ ನಿಂತ ಈ ಹಟದಲ್ಲಿ ಇಡೀ ಕ್ಷೇತ್ರದ ತಿರುಳಿದೆ. ಎರಡನೆಯ ಅವಕಾಶ ಇದ್ದಿದ್ದರೆ ಅವನ ಸಾಲಿನಲ್ಲಿ ಸರ್ಕಸ್ಸುಗಳೇ ತುಂಬಿರುತ್ತಿದ್ದವು. ಅದಿಲ್ಲದ್ದರಿಂದ ಹದಿನೆಂಟು ವರ್ಷದ ಬಾಳು ಇದ್ದದ್ದು ಇದ್ದಂತೆ ಉಳಿಯಿತು: ತಟ್ಟೆ, ಗೆಳೆಯರು, ಬೀದಿ, ಕೊನೆಗೆ ಆಸ್ಪತ್ರೆ.

ಇದೇ ಮಿತಿಯನ್ನು 1994ರಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಛಾಯಾಗ್ರಾಹಕ ಜಿಮ್ ಬ್ರಾಂಡನ್‌ಬರ್ಗ್ ಇನ್ನಷ್ಟು ಬಿಗಿ ಮಾಡಿದ. ಒಂದೇ ಕೆಲಸಕ್ಕೆ ನೂರಾರು ರೀಲು ಖರ್ಚು ಮಾಡುವ ವೃತ್ತಿ ಅವನದು. ಮಿನೆಸೋಟದ ಕಾಡಿನಲ್ಲಿ ಶರತ್ಕಾಲದ ವಿಷುವದಿಂದ ಚಳಿಗಾಲದ ಅಯನ ಸಂಕ್ರಾಂತಿಯವರೆಗೆ ತೊಂಬತ್ತು ದಿನ, ದಿನಕ್ಕೊಂದೇ ಸಲ ಗುಂಡಿ ಒತ್ತಿದ. ಅನುಭವಿ ವೃತ್ತಿಗಾರನೊಬ್ಬ ತನ್ನ ಕಣ್ಣನ್ನು ಚುರುಕು ಮಾಡಿಕೊಳ್ಳಲು ಹೊಸ ಲೆನ್ಸಿಗೆ ಹೋಗದೆ ಕೊರತೆಗೆ ಹೋದದ್ದು ಗಮನಾರ್ಹ. ಇದಲ್ಲದೆ ದಿನವೂ ತಮ್ಮ ಮುಖವನ್ನೇ ತೆಗೆದುಕೊಂಡವರ ಕವಲೊಂದಿದೆ. 1987ರಿಂದ ಕಾರ್ಲ್ ಬೇಡನ್, 2000ದಿಂದ ನೋವಾ ಕಲಿನಾ ಅದರಲ್ಲಿ ಪ್ರಸಿದ್ಧರು. ಅದರಲ್ಲಿ ಏನನ್ನು ನೋಡಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ, ನೋಟಕ್ಕೆ ಹುಡುಕಾಟವಿಲ್ಲ. ಆದ್ದರಿಂದ ಅದು ನಮ್ಮ ವಿಷಯಕ್ಕೆ ದೂರದ ನೆಂಟ ಮಾತ್ರ.

2000ದ ಸುಮಾರಿಗೆ ಜಪಾನಿನಲ್ಲಿ ಕ್ಯಾಮೆರಾ ಫೋನು, 2004ರಲ್ಲಿ ಫ್ಲಿಕರ್, 2010ರಲ್ಲಿ ಇನ್‌ಸ್ಟಾಗ್ರಾಂ ಬಂದವು. ಫೋಟೊದ ಬೆಲೆ ಸೊನ್ನೆಗೆ ಇಳಿಯಿತು. ಇಳಿದ ಕೂಡಲೇ ಮಿತಿಯ ಹಸಿವೂ ಹುಟ್ಟಿತು. ಸ್ಕಾಟ್‌ಲೆಂಡಿನ ಎಡಿನ್‌ಬರೊದಲ್ಲಿ 2004ರಲ್ಲಿ ಆರಂಭವಾದ ಬ್ಲಿಪ್‌ಫೋಟೊ ತಾಣದ ಮೂಲ ನಿಯಮವೇ ದಿನಕ್ಕೊಂದು ಚಿತ್ರ, ಅದೂ ಅದೇ ದಿನ ತೆಗೆದದ್ದು ಎಂಬುದು. ವರ್ಷವಿಡೀ ದಿನಕ್ಕೊಂದು ಹಾಕುವ ‘365’ ಗುಂಪುಗಳು ಫ್ಲಿಕರಿನಲ್ಲಿ ಬೆಳೆದವು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಲಿಜ್ ಬ್ರೂಸ್ಟರ್, ಶೆಫೀಲ್ಡಿನ ಆಂಡ್ರ್ಯೂ ಕಾಕ್ಸ್ ಇಂಥವರನ್ನು ಎರಡು ತಿಂಗಳು ಗಮನಿಸಿ, ಮಾತನಾಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ರೂಢಿ ಅವರಿಗೆ ಸ್ವಂತ ಆರೈಕೆಯ ದಾರಿಯೂ ಇತರರೊಡನೆ ಬೆರೆಯುವ ನೆವವೂ ಹಿಂದಿರುಗಿ ನೆನೆಯುವ ಆಸರೆಯೂ ಆಗಿತ್ತು ಎನ್ನುತ್ತದೆ. ಇದು ಕೆಲವೇ ಜನರ ಮಾತುಗಳ ಮೇಲೆ ನಿಂತ ಅಧ್ಯಯನ; ಫೋಟೊ ತೆಗೆದರೆ ಮನಸ್ಸು ನೆಟ್ಟಗಾಗುತ್ತದೆ ಎಂಬ ಔಷಧದ ಚೀಟಿಯಾಗಿ ಅದನ್ನು ಓದಬಾರದು.

ಇದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಆಕ್ಷೇಪ ನೆನಪಿನದು. ಫೋಟೊ ತೆಗೆಯುವುದು ಅನುಭವದಿಂದ ತಪ್ಪಿಸಿಕೊಳ್ಳುವ ಬಗೆಯೂ ಆಗಬಲ್ಲದು ಎಂದು ಲೇಖಕಿ ಸೂಸನ್ ಸೊಂಟಾಗ್ ತನ್ನ 1977ರ ಪುಸ್ತಕದಲ್ಲೇ ವಾದಿಸಿದ್ದಳು. ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗ ಅದಕ್ಕೆ ಬಲ ಕೊಟ್ಟಿತು. ಸಂಗ್ರಹಾಲಯ ಸುತ್ತಿದ ವಿದ್ಯಾರ್ಥಿಗಳಿಗೆ ಬರಿಗಣ್ಣಲ್ಲಿ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳೇ ಮರುದಿನ ಕಡಿಮೆ ನೆನಪಿದ್ದವು. ಆದರೆ ಅದೇ ಪ್ರಯೋಗದಲ್ಲಿ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ಎಳೆದು ತೆಗೆದಾಗ ನೆನಪು ಕುಂದಲಿಲ್ಲ, ಎಳೆಯದೆ ಬಿಟ್ಟ ಭಾಗಗಳ ನೆನಪೂ ಉಳಿಯಿತು. 2017ರಲ್ಲಿ ಅಲಿಕ್ಸಾಂಡ್ರಾ ಬರಾಷ್ ಮತ್ತು ಸಂಗಡಿಗರು ಏನು ತೆಗೆಯಬೇಕೆಂಬುದನ್ನು ಜನರಿಗೇ ಬಿಟ್ಟಾಗ ಕಂಡದ್ದರ ನೆನಪು ಹೆಚ್ಚಿತು, ಕೇಳಿದ್ದರ ನೆನಪು ತಗ್ಗಿತು. ಎರಡನ್ನೂ ಕೂಡಿಸಿ ನೋಡಿದರೆ ಉತ್ತರ ಸ್ಪಷ್ಟ. ಹೇಳಿದ್ದನ್ನೆಲ್ಲ ಕ್ಲಿಕ್ಕಿಸುವುದು ನೋಟವನ್ನು ತೆಳ್ಳಗಾಗಿಸುತ್ತದೆ. ಆರಿಸಿ ತೆಗೆಯುವುದು ಗಟ್ಟಿಯಾಗಿಸುತ್ತದೆ. ದಿನಕ್ಕೊಂದೇ ಎಂಬ ನಿಯಮ ಆರಿಸುವುದನ್ನೇ ಕಡ್ಡಾಯ ಮಾಡುತ್ತದೆ. ಕಿವಿಗೆ ಆಗುವ ನಷ್ಟ ಮಾತ್ರ ನಿಜ, ಅದನ್ನು ಒಪ್ಪಿಕೊಳ್ಳಬೇಕು.

ಮಿತಿಯೊಂದೇ ಸಾಕೇ ಎಂದು ಯಾರಾದರೂ ಕೇಳಬಹುದು. ಸಾಲದು ಎಂಬುದಕ್ಕೆ ಬಿರಿಯಲ್ ಎಂಬ ಆ್ಯಪ್ ಉದಾಹರಣೆ. ಫ್ರಾನ್ಸಿನಲ್ಲಿ 2020ರಲ್ಲಿ ಆರಂಭವಾಗಿ 2022ರಲ್ಲಿ ಜಗತ್ತಿನಾದ್ಯಂತ ಹಬ್ಬಿದ ಇದು ದಿನಕ್ಕೊಂದು ಸಲ, ತನಗೆ ತೋಚಿದ ಹೊತ್ತಿನಲ್ಲಿ ಗಂಟೆ ಹೊಡೆದು, ಎರಡು ನಿಮಿಷದೊಳಗೆ ಫೋಟೊ ತೆಗೆಯಿರಿ ಎನ್ನುತ್ತಿತ್ತು. ಸಂಖ್ಯೆಯ ಮಿತಿ ಇತ್ತು, ಆಯ್ಕೆ ಇರಲಿಲ್ಲ. ಸಿಕ್ಕದ್ದು ಬಹುಪಾಲು ಮೇಜು, ಕಂಪ್ಯೂಟರು, ಹಾಸಿಗೆ. ಉತ್ಸಾಹ ಬೇಗನೆ ಇಳಿಯಿತು. ಇನ್ನು ಲೈಕುಗಳ ಆಸೆಯಿಂದ ಈ ರೂಢಿ ಕೆಡುತ್ತದೆ ಎಂಬ ದೂರು. ಕೆಡುವುದು ಹೌದು. ಲೈಕು ಬೇಕೆಂದವರು ಸರ್ಕಸ್ಸಿಗೇ ಕಾಯುತ್ತಾರೆ, ತಟ್ಟೆಯನ್ನು ಬಿಡುತ್ತಾರೆ. ಆದರೆ ಆ ದೋಷ ಹಂಚಿಕೊಳ್ಳುವ ಜಾಗದ್ದು, ನಿಯಮದ್ದಲ್ಲ. ಹಂಚಿಕೊಳ್ಳದೆಯೂ ಇದು ನಡೆಯುತ್ತದೆ. ಲಿವಿಂಗ್‌ಸ್ಟನ್ ಸಾಲು ಅವನ ಗೆಳೆಯರ ಬಳಗದಾಚೆ ಹೆಚ್ಚಿನವರಿಗೆ ತಿಳಿದದ್ದೇ ಅವನು ಸತ್ತ ಹತ್ತು ವರ್ಷಕ್ಕೆ, 2007ರಲ್ಲಿ ಬಾರ್ಡ್ ಕಾಲೇಜಿನ ಪ್ರದರ್ಶನದಿಂದ. ಒಂದು ದಿನ ತಪ್ಪಿದರೆ ಪಾಪಪ್ರಜ್ಞೆ ಕಾಡುತ್ತದೆ ಎನ್ನುವವರಿಗೂ ಇದೇ ಮಾತು: ತಪ್ಪಿದ ದಿನವೂ ಸಾಲಿನ ಭಾಗ. ಖಾಲಿ ಬಿಟ್ಟ ಜಾಗ, ನಾಳೆ ತೆಗೆದು ನಿನ್ನೆಯ ತಾರೀಕು ಹಾಕಿದ ಚಿತ್ರಕ್ಕಿಂತ ಪ್ರಾಮಾಣಿಕ.

ಈ ಕ್ಷೇತ್ರಕ್ಕೆ ಈಗ ಎದುರಾಗಿರುವ ನಿಜವಾದ ತೊಡಕು ಬೇರೆ, ಅದು ಉಳಿಸಿಕೊಳ್ಳುವುದು. ಅಟ್ಜೆ ಬಿಟ್ಟುಹೋದ ಚಿತ್ರಗಳನ್ನು ಛಾಯಾಗ್ರಾಹಕಿ ಬೆರೆನಿಸ್ ಆಬಟ್ ಕೊಂಡು ಕಾಪಾಡಿದಳು, 1968ರಲ್ಲಿ ಅವು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಸೇರಿದವು. ಲಿವಿಂಗ್‌ಸ್ಟನ್‌ನದು ಕಾಗದ, ಗೆಳೆಯರ ಕೈಗೆ ಬಂತು. ಫೋನಿನ ಫೋಟೊಗಳಿಗೆ ಈ ಆಸರೆ ಇಲ್ಲ. ತಾಣ ಮುಚ್ಚುತ್ತದೆ, ಪಾಸ್‌ವರ್ಡ್ ಮರೆತುಹೋಗುತ್ತದೆ, ಫೋನು ನೀರಿಗೆ ಬೀಳುತ್ತದೆ. ಹತ್ತಿಪ್ಪತ್ತು ಸಾವಿರ ಫೋಟೊಗಳ ರಾಶಿಯನ್ನು ತಡಕಾಡಿ ಆರಿಸುವ ವ್ಯವಧಾನ ಮಕ್ಕಳು ಮೊಮ್ಮಕ್ಕಳಿಗೆ ಇರುವುದಿಲ್ಲ. ಇಲ್ಲಿಯೂ ಮಿತಿಯೇ ಕೈಹಿಡಿಯುತ್ತದೆ. ಆರಿಸುವ ಕೆಲಸ ದಿನದಿನವೂ ಮುಗಿದಿರುವುದರಿಂದ ಒಂದು ವರ್ಷಕ್ಕೆ 365 ಪ್ರಿಂಟು, ಎರಡು ಮೂರು ಆಲ್ಬಮ್ಮು. ಊರಿನ ಯಾವ ಸ್ಟುಡಿಯೊದಲ್ಲಾದರೂ ಹಾಕಿಸಿಕೊಳ್ಳಬಹುದಾದಷ್ಟು. ಅಟ್ಜೆ ತನ್ನ ಪ್ರಿಂಟುಗಳ ಹಿಂದೆ ಜಾಗದ ಹೆಸರನ್ನೂ ಸಂಖ್ಯೆಯನ್ನೂ ಬರೆಯುತ್ತಿದ್ದ. ಇವತ್ತಿನ ಪ್ರಿಂಟಿನ ಹಿಂದೆಯೂ ತಾರೀಕು, ಬೀದಿ, ವಸ್ತು ಯಾರದೆಂಬುದನ್ನು ಪೆನ್ಸಿಲಿನಲ್ಲಿ ಬರೆದಿಟ್ಟರೆ ಐವತ್ತು ವರ್ಷದ ನಂತರ ಒಂದು ಊರಿನ ಅಡುಗೆಮನೆ, ಅಂಗಡಿ, ಬಸ್‌ನಿಲ್ದಾಣ ಹೇಗಿದ್ದವೆಂದು ತಿಳಿಯಬಯಸುವವರಿಗೆ ಮದುವೆಯ ಆಲ್ಬಮ್ಮುಗಳಲ್ಲಿ ಸಿಗದ ದಾಖಲೆ ಸಿಗುತ್ತದೆ.