ಹನ್ನೆರಡು ಕಾಲಗಳ ಕಥೆ

ಇಂಗ್ಲಿಷ್ ಕ್ರಿಯಾಪದಕ್ಕೆ ಹನ್ನೆರಡು ಕಾಲಗಳು ಎಂಬುದು ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪಾಠ. ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಸಾಲು. ಒಂದೊಂದು ಸಾಲಿಗೂ ಸಾಮಾನ್ಯವಾದದ್ದು, ನಡೆಯುತ್ತಿರುವುದು, ಮುಗಿದದ್ದು, ಹಿಂದಿನಿಂದ ನಡೆದುಬಂದದ್ದು ಎಂದು ನಾಲ್ಕು ನಾಲ್ಕು ಮನೆ. ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿ ಪಾರಾದವರು ನಮ್ಮಲ್ಲಿ ಅಸಂಖ್ಯ. ತುಂಬಲಾರದೆ, ಇಂಗ್ಲಿಷೊಂದರಲ್ಲೇ ನಪಾಸಾಗಿ, ಓದನ್ನು ಬಿಟ್ಟು ಅಂಗಡಿಗೋ ಹೊಲಕ್ಕೋ ಹಿಂದಿರುಗಿದವರೂ ಕಡಮೆಯಲ್ಲ. ನಾನು ತಾಲ್ಲೂಕು ಊರೊಂದರಲ್ಲಿ ಬಹುಕಾಲ ಇಂಗ್ಲಿಷ್ ಪಾಠ ಹೇಳಿದವನು. ಲೆಕ್ಕದಲ್ಲಿ ಮಿಂಚಿನಂತಿದ್ದ ಹುಡುಗ ‘ಹ್ಯಾಡ್ ಬೀನ್’ ಎಂಬ ಎರಡು ಮಾತುಗಳ ಮುಂದೆ ಬೆವರುವುದನ್ನು ಅನೇಕ ಸಲ ಕಂಡಿದ್ದೇನೆ. ಆದುದರಿಂದ, ಈ ಹನ್ನೆರಡು ಮನೆಗಳನ್ನು ಕಟ್ಟಿದವರು ಯಾರು, ಎಂದು ಕಟ್ಟಿದರು ಎಂಬುದು ನನ್ನ ಮಟ್ಟಿಗೆ ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಅಲ್ಲಿ ಕ್ರಿಯಾಪದವು ತನ್ನ ರೂಪವನ್ನೇ ಬದಲಿಸಿ ತೋರುತ್ತಿದ್ದ ಕಾಲಗಳು ಎರಡೇ: ಆದದ್ದು ಒಂದು, ಆಗದೆ ಇರುವುದೆಲ್ಲ ಇನ್ನೊಂದು. ನಾಳೆಯ ಮಾತನ್ನೂ ವರ್ತಮಾನದ ರೂಪದಲ್ಲಿಯೇ ಆಡುತ್ತಿದ್ದರು. ‘ನಾಳೆ ಬರುತ್ತೇನೆ’ ಎಂದು ದಿನವೂ ಹೇಳುವ ನಮಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. ಭೂತಕಾಲವನ್ನು ಮಾಡುವ ಬಗೆಯೂ ಎರಡಿತ್ತು. ‘ಸಿಂಗ್, ಸ್ಯಾಂಗ್, ಸಂಗ್’ ಎಂಬಂತೆ ಧಾತುವಿನ ಒಳಗಿನ ಸ್ವರವನ್ನು ಮಾರ್ಪಡಿಸುವುದು ಹಳೆಯ ಪದ್ಧತಿ. ಕೊನೆಯಲ್ಲಿ ದಕಾರವನ್ನೋ ತಕಾರವನ್ನೋ ಹಚ್ಚುವುದು ಅದಕ್ಕಿಂತ ಈಚಿನದು. ಈಚಿನದು ಹಳೆಯದನ್ನು ಮೆಲ್ಲಮೆಲ್ಲನೆ ನುಂಗುತ್ತ ಬಂದಿತು. ಇಂದು ‘ಹೆಲ್ಪ್ಡ್’ ಎನ್ನುವ ಕಡೆ ಒಂದು ಕಾಲಕ್ಕೆ ‘ಹೋಲ್ಪ್’, ‘ಹೋಲ್ಪನ್’ ಎಂದಿತ್ತು. 1611ರ ಬೈಬಲ್ ಅನುವಾದದಲ್ಲಿ ಅದು ಇನ್ನೂ ಉಳಿದಿದೆ. ವಿದ್ಯಾರ್ಥಿಗಳು ಶಪಿಸುತ್ತ ಕಲಿಯುವ ‘ಅನಿಯಮಿತ’ ಕ್ರಿಯಾಪದಗಳಲ್ಲಿ ಬಹಳಷ್ಟು ಹೀಗೆ ಮನೆಯ ಹಿರಿಯರು. ಹೋಗು, ಬರು, ತಿನ್ನು, ಕೊಡು ಎಂಬಂಥ ದಿನಬಳಕೆಯ ಮಾತುಗಳಾದುದರಿಂದ ಜನರ ನಾಲಗೆ ಅವನ್ನು ಬಿಟ್ಟುಕೊಡಲಿಲ್ಲ. ನಮ್ಮಲ್ಲಿಯೂ ಬರು ಎಂಬುದು ಬಂದ, ಕೊಡು ಎಂಬುದು ಕೊಟ್ಟ, ನಗು ಎಂಬುದು ನಕ್ಕ, ಬೀಳು ಎಂಬುದು ಬಿದ್ದ ಎಂದಾಗುತ್ತದಲ್ಲವೆ? ಪಟ್ಟಿ ಹಿಡಿದು ಇದನ್ನು ಕಲಿತ ಕೂಸು ಕನ್ನಡನಾಡಿನಲ್ಲಿ ಹುಟ್ಟಿಲ್ಲ.

ಉಳಿದ ಮನೆಗಳೆಲ್ಲ ಸಹಾಯಕ ಕ್ರಿಯೆಗಳಿಂದ ಕಟ್ಟಿದವು. ಈ ಸಹಾಯಕರ ಪೂರ್ವಾಶ್ರಮವನ್ನು ತಿಳಿದರೆ ಅರ್ಧ ಭಯ ಹೋಗುತ್ತದೆಂದು ನನ್ನ ಅನುಭವ. ‘ವಿಲ್’ ಎಂದರೆ ಮೊದಲು ಬಯಸು ಎಂದೇ ಅರ್ಥ. ‘ಶಲ್’ ಎಂದರೆ ಸಾಲ ತೀರಿಸಬೇಕಾಗಿರು, ಕಟ್ಟುಬಿದ್ದಿರು ಎಂದು. ಬಯಕೆಯೂ ಋಣವೂ ಎರಡೂ ಮುಂದಿನ ದಿನವನ್ನು ನೋಡುವಂಥವು. ಹಾಗೆ ನೋಡುತ್ತ ನೋಡುತ್ತ ಅವು ಭವಿಷ್ಯತ್ತಿನ ಗುರುತುಗಳಾದವು. ‘ಹ್ಯಾವ್’ ಎಂಬುದರ ಕಥೆ ಇನ್ನೂ ಸ್ವಾರಸ್ಯವಾದದ್ದು. ‘ನನ್ನಲ್ಲಿ ಹಿಡಿದ ಮೀನು ಇದೆ’ ಎಂಬ ಬಗೆಯ ವಾಕ್ಯದಲ್ಲಿ ‘ಹಿಡಿದ’ ಎಂಬುದು ಮೀನಿಗೆ ವಿಶೇಷಣವಾಗಿತ್ತು. ಕಾಲಕ್ರಮದಲ್ಲಿ ಅದು ಮೀನನ್ನು ಬಿಟ್ಟು ‘ಹ್ಯಾವ್’ನ ಕಡೆಗೆ ಸರಿದು, ‘ನಾನು ಮೀನನ್ನು ಹಿಡಿದಿದ್ದೇನೆ’ ಎಂಬ ಅರ್ಥ ಕೊಡತೊಡಗಿತು. ಕೈಯಲ್ಲಿ ಈಗ ಏನೋ ಇದೆ ಎಂಬ ಭಾವ ಆ ರೂಪದಲ್ಲಿ ಇಂದಿಗೂ ಸ್ವಲ್ಪ ಅಂಟಿಕೊಂಡಿದೆ. ‘ಹೋದ ವರ್ಷ ಹಂಪಿಯನ್ನು ನೋಡಿದ್ದೇನೆ’ ಎಂದು ಕನ್ನಡದಲ್ಲಿ ನಿರಾತಂಕವಾಗಿ ಹೇಳುವ ನಾವು ಅದನ್ನೇ ‘ಹ್ಯಾವ್ ಸೀನ್’ ಎಂದು ಹೇಳಿ ಪಕ್ಕದಲ್ಲಿ ‘ಹೋದ ವರ್ಷ’ ಇಟ್ಟರೆ ಇಂಗ್ಲಿಷ್ ಕಿವಿಗೆ ಒಪ್ಪುವುದಿಲ್ಲ. ಹೋದ ವರ್ಷ ಮುಗಿದು ಹೋಯಿತು. ‘ಹ್ಯಾವ್’ ಮಾತ್ರ ಈ ಗಳಿಗೆಯಲ್ಲಿ ನಿಂತಿದೆ.

ಹೀಗೆ ಬಯಕೆ, ಸಾಲ, ಒಡೆತನಗಳಿಂದ ಬೆಳೆದು ಬಂದದ್ದನ್ನು ಮನೆ ಮನೆಯಾಗಿ ವಿಂಗಡಿಸಿದವರು ವ್ಯಾಕರಣಕಾರರು. ಅವರ ಕಣ್ಣ ಮುಂದಿದ್ದ ಮಾದರಿ ಲ್ಯಾಟಿನ್. ಇಂಗ್ಲಿಷಿಗೆ ಅಚ್ಚಾದ ಮೊದಲ ವ್ಯಾಕರಣವೆಂದು ಹೆಸರಾದ, 1586ರ ವಿಲಿಯಂ ಬುಲ್ಲೋಕರನ ಪುಸ್ತಕವು ಲ್ಯಾಟಿನ್ ವ್ಯಾಕರಣದ ಎರಕದಲ್ಲಿ ಹೊಯ್ದದ್ದು. ದೊರೆಗಳ ಮಗ್ಗುಲಲ್ಲಿ ಕೂರಬೇಕಾದ ಭಾಷೆಗೆ ದೊರೆಗಳ ಉಡುಪೇ ಬೇಕೆಂದು ಆ ಕಾಲದವರಿಗೆ ತೋರಿರಬೇಕು; ಸಂಸ್ಕೃತದ ಅಂಗಿಯನ್ನು ಕನ್ನಡಕ್ಕೆ ತೊಡಿಸಿ ನೋಡಿದ ನಾವು ಇದಕ್ಕೆ ನಗುವಂತಿಲ್ಲ. ಆದರೆ ಎಲ್ಲರೂ ಒಪ್ಪಿದರೆಂದಲ್ಲ. ಜಾನ್ ವಾಲಿಸ್ ಎಂಬ ಗಣಿತಜ್ಞ, ಅನಂತಕ್ಕೆ ಇಂದಿಗೂ ಬಳಸುವ, ಅಡ್ಡ ಮಲಗಿದ ಎಂಟರಂಥ ಚಿಹ್ನೆಯನ್ನು ಕೊಟ್ಟವನು, 1653ರಲ್ಲಿ ಪರದೇಶೀಯರಿಗಾಗಿ ಒಂದು ಇಂಗ್ಲಿಷ್ ವ್ಯಾಕರಣವನ್ನು ಬರೆದ, ಬರೆದದ್ದು ಲ್ಯಾಟಿನ್ನಿನಲ್ಲಿ! ಇಂಗ್ಲಿಷ್ ಕ್ರಿಯಾಪದಕ್ಕೆ ಕಾಲಗಳು ಎರಡೇ, ಮಿಕ್ಕದ್ದೆಲ್ಲ ಸಹಾಯಕಗಳ ಕೆಲಸ ಎಂದು ಆತ ಸ್ಪಷ್ಟವಾಗಿ ಹೇಳಿದ. ಪ್ರಥಮ ಪುರುಷಕ್ಕೊಂದು ಉತ್ತಮ ಪುರುಷಕ್ಕೊಂದು ಎಂದು ‘ಶಲ್’, ‘ವಿಲ್’ಗಳನ್ನು ಹಂಚಿಕೊಟ್ಟ, ಮುಂದೆ ಮಕ್ಕಳ ಬೆನ್ನಿಗೆ ಬೆತ್ತವಾಗಿ ಬಿದ್ದ ನಿಯಮವನ್ನು ವಿವರಿಸಿದವನೂ ಅವನೇ ಎಂಬುದು ಬೇರೆ ಮಾತು. ಆಮ್ಲಜನಕದ ಶೋಧದಿಂದ ಪ್ರಸಿದ್ಧನಾದ ಜೋಸೆಫ್ ಪ್ರೀಸ್ಟ್‌ಲಿ 1761ರ ತನ್ನ ವ್ಯಾಕರಣದ ಪುಸ್ತಕದಿಂದ ಆರಂಭಿಸಿ, ಲ್ಯಾಟಿನ್ನಿನ ಕಾಲವ್ಯವಸ್ಥೆಯನ್ನು ಇಂಗ್ಲಿಷಿನ ಮೇಲೆ ಹೇರಬಾರದೆಂದು ವಾದಿಸಿದ. ವಿಜ್ಞಾನಿಗಳು ಎರಡು ಎಂದು ಎಣಿಸಿದರು, ಶಾಲೆಗಳು ಕೇಳಲಿಲ್ಲ. ಅಮೆರಿಕದಿಂದ ಬಂದು ಯಾರ್ಕ್ ನಗರದ ಬಳಿ ನೆಲೆಸಿದ ಲಿಂಡ್ಲಿ ಮರ್ರೆ 1795ರಲ್ಲಿ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ ಬರೆದ ವ್ಯಾಕರಣವು ಆರು ಕಾಲಗಳನ್ನು ಹೇಳಿತು, ಲೋಕವೆಲ್ಲ ಅದನ್ನೇ ಕೊಂಡಿತು. ನಡೆಯುತ್ತಿರುವ ರೂಪಗಳನ್ನೂ ಪ್ರತ್ಯೇಕ ಕಾಲಗಳೆಂದು ಎಣಿಸಿದರೆ ಆರು ಹನ್ನೆರಡಾಗುತ್ತದೆ.

ಈ ಗೃಹಪ್ರವೇಶಗಳು ಶಾಂತವಾಗಿ ನಡೆದವೆಂದು ತಿಳಿಯಬೇಡಿ. ‘ಮನೆ ಕಟ್ಟಲ್ಪಡುತ್ತಿದೆ’ ಎಂಬುದಕ್ಕೆ ಹದಿನೆಂಟನೆಯ ಶತಮಾನದ ಇಂಗ್ಲಿಷರು ‘ದಿ ಹೌಸ್ ಈಸ್ ಬಿಲ್ಡಿಂಗ್’ ಎಂದೇ ಹೇಳುತ್ತಿದ್ದರು. ‘ಈಸ್ ಬೀಯಿಂಗ್ ಬಿಲ್ಟ್’ ಎಂಬ ರೂಪ ಆ ಶತಮಾನದ ಕೊನೆಗೆ ತಲೆಯೆತ್ತಿತು. ಅದು ಅಸಂಬದ್ಧವೆಂದು, ಭಾಷೆಗೆ ಕಳಂಕವೆಂದು ಪಂಡಿತರು ಹರಿಹಾಯ್ದರು. 1870ರಷ್ಟು ಈಚೆಗೆ ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ ತನ್ನ ಪುಸ್ತಕದಲ್ಲಿ ಇಡೀ ಒಂದು ಅಧ್ಯಾಯವನ್ನು ಅದರ ಖಂಡನೆಗೆ ಮೀಸಲಿಟ್ಟ. ಇಂದು ಅದನ್ನು ಬರೆಯದ ವಿದ್ಯಾರ್ಥಿಗೆ ಅಂಕವಿಲ್ಲ.

ಹೀಗೆ ಸಿದ್ಧವಾದ ಕೋಷ್ಟಕವು ಹಡಗೇರಿ ನಮ್ಮಲ್ಲಿಗೆ ಬಂದಿತು. 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್ ಎಂಬ ಜೋಡಿಹೆಸರು ನಮ್ಮ ಶಾಲೆಗಳಲ್ಲಿ ವ್ಯಾಕರಣಕ್ಕೆ ಪರ್ಯಾಯವೇ ಆಯಿತು. ಆ ರೆನ್ ಮುಂಬಯಿ ಪ್ರಾಂತ್ಯದ ವಿದ್ಯಾ ಇಲಾಖೆಯಲ್ಲಿದ್ದವನು, ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯಿಂದ ಹೊರಗೆ ಹೆಸರಾದವನು ಎಂಬುದು ಅವನ ಪುಸ್ತಕವನ್ನು ಹೊತ್ತವರಲ್ಲಿ ಅನೇಕರಿಗೆ ತಿಳಿಯದು. ಪುಸ್ತಕದ ಅಚ್ಚುಕಟ್ಟನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕನ್ನಡದ ಹುಡುಗ ಬರಿಗೈಯಲ್ಲಿ ಬರುವುದಿಲ್ಲ, ಅವನ ನಾಲಗೆಯಲ್ಲಿ ಆಗಲೇ ಒಂದು ಕಾಲವ್ಯವಸ್ಥೆ ಮನೆಮಾಡಿದೆ ಎಂಬುದನ್ನು ಕೋಷ್ಟಕ ಅರಿಯದು.

ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಭೂತಕ್ಕೆ ದ, ವರ್ತಮಾನಕ್ಕೆ ದಪ, ಭವಿಷ್ಯತ್ತಿಗೆ ವ ಎಂದು ಪ್ರತ್ಯಯಗಳನ್ನು ವಿಧಿಸಿದ: ಮಾಡಿದಂ, ಮಾಡಿದಪಂ, ಮಾಡುವಂ. ಅವುಗಳಲ್ಲಿ ದಪ ನಮ್ಮ ಬಾಯಿಂದ ಮಾಯವಾಗಿದೆ. ‘ಮಾಡುವನು’ ಪುಸ್ತಕಕ್ಕೆ ಸೇರಿತು. ‘ಮಾಡುತ್ತಾನೆ’ ಎಂಬ ಒಂದೇ ರೂಪ ದಿನನಿತ್ಯದ ರೂಢಿಗೂ ನಾಳೆಯ ಕೆಲಸಕ್ಕೂ ದುಡಿಯುತ್ತಿದೆ. ಇನ್ನು, ಹೊರಗಿನಿಂದ ಯಾರಾದರೂ ಕರೆದರೆ ಒಳಗಿನಿಂದ ನಾವು ಕೊಡುವ ಉತ್ತರವೇನು? ‘ಬಂದೆ, ಬಂದೆ!’ ಇನ್ನೂ ಎದ್ದೇ ಇಲ್ಲ, ಆದರೂ ಭೂತಕಾಲ. ಬಸ್ಸು ತಿರುವಿನಲ್ಲಿ ಕಂಡೊಡನೆ ‘ಬಂತು’ ಎನ್ನುತ್ತೇವೆ. ಇಂಗ್ಲಿಷಿನವನು ಎರಡು ಕಡೆಯೂ ನಡೆಯುತ್ತಿರುವ ರೂಪವನ್ನೋ ವರ್ತಮಾನವನ್ನೋ ಬಳಸುತ್ತಾನೆ. ಹತ್ತು ವರ್ಷದಿಂದ ಇಲ್ಲಿದ್ದೇನೆ ಎನ್ನುವಾಗ ನಮ್ಮಲ್ಲಿ ‘ಇಂದ’ ಎಂಬ ಒಂದು ವಿಭಕ್ತಿಯೇ ಹಿಂದಿನ ಹತ್ತು ವರ್ಷದ ಭಾರವನ್ನೆಲ್ಲ ಹೊರುತ್ತದೆ. ಅವನು ಅದನ್ನು ‘ಹ್ಯಾವ್ ಬೀನ್’ ಎಂದು ಕ್ರಿಯಾಪದದ ಮೇಲೆ ಹೇರುತ್ತಾನೆ. ‘ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆದ ಹುಡುಗ ದಡ್ಡನಲ್ಲ. ಒಂದು ಭಾಷೆಯ ಹೊರೆಯನ್ನು ಇನ್ನೊಂದರ ಎತ್ತಿನ ಮೇಲೆ ಹಾಕಿದ್ದಾನೆ, ಅಷ್ಟೆ. ಕೆಂಪು ಗೀಟು ಎಳೆಯುವ ಮುನ್ನ ಇದನ್ನು ಹೇಳಿಕೊಡಲು ಉಪಾಧ್ಯಾಯನಿಗೆ ಐದು ನಿಮಿಷ ಸಾಕು.

ತೊಡಕು ಎದುರು ದಿಕ್ಕಿನಲ್ಲಿಯೂ ಇದೆ. 1817ರಲ್ಲಿ ಶ್ರೀರಾಮಪುರದಿಂದ ವಿಲಿಯಂ ಕೇರಿ, 1903ರಲ್ಲಿ ಕಿಟೆಲ್ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟಾಗ ಅವರಿಗೆ ಎದುರಾದ ಕ್ರಿಯಾರೂಪಗಳಲ್ಲಿ ನಮ್ಮ ನಿಷೇಧವೂ ಒಂದು. ಕೇಶಿರಾಜನ ‘ಮಾಡಂ’ ಎಂಬ ಪದದಲ್ಲಿ ಕಾಲಪ್ರತ್ಯಯವೇ ಇಲ್ಲ. ಮಾಡಲಿಲ್ಲ, ಮಾಡುವುದಿಲ್ಲ, ಮಾಡನು, ಎಲ್ಲವೂ ಅದರಲ್ಲಿ ಅಡಗಿದೆ. ಇಂದಿನ ಮಾತಿನಲ್ಲಿಯೂ ಅರಿಯೆ, ಒಲ್ಲೆ, ಕಾಣೆ ಎಂಬವು ಆ ವಂಶದ ಕೊನೆಯ ಕುಡಿಗಳಾಗಿ ಉಳಿದಿವೆ. ನಾನು ಕೋಷ್ಟಕವನ್ನು ಕರಿಹಲಗೆಯ ಮೇಲೆ ಬರೆದು, ‘ನಾ ಕಾಣೆ’ ಎಂಬುದನ್ನು ಇದರ ಯಾವ ಮನೆಯಲ್ಲಿ ಇಡುತ್ತೀರಪ್ಪ ಎಂದು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ. ಮೊದಲು ಮೌನ, ಆಮೇಲೆ ನಗೆ, ಆಮೇಲೆ ವಾದ. ಹಿಂದಿನ ಬೆಂಚಿನವರ ದನಿಯೂ ಆಗ ಏಳುತ್ತಿತ್ತು. ವಾದ ಮುಗಿಯುವ ಮೊದಲೇ ಗಂಟೆ ಹೊಡೆಯುತ್ತಿತ್ತು.