ಪೆರುಕ್ಕು

ತಮಿಳರ ಆಡಿ ತಿಂಗಳು ಅಮ್ಮನ ಗುಡಿಗಳ ತಿಂಗಳು. ಶುಕ್ರವಾರಗಳಂದು ಮಾರಿಯಮ್ಮನಿಗೆ ಅಂಬಲಿ, ಆಡಿ ಪೂರಕ್ಕೆ ಶ್ರೀವಿಲ್ಲಿಪುತ್ತೂರಿನಲ್ಲಿ ಆಂಡಾಳ್ ತೇರು, ಕೃತ್ತಿಕೆಗೆ ತಿರುತ್ತಣಿಯಲ್ಲಿ ಕಾವಡಿ. ಆದರೆ ಹದಿನೆಂಟನೆಯ ದಿನ, ಆಗಸ್ಟ್ 2 ಅಥವಾ 3ರ ಹೊತ್ತಿಗೆ ಬರುವ ಆಡಿ ಪೆರುಕ್ಕು ಗುಡಿಗಿಂತ ಹೊಳೆಗೆ ಸೇರಿದ್ದು. ಹೊಸ ನೀರು ಹೊತ್ತ ಕಾವೇರಿ ಬಸುರಿ ಎಂದು ಅಲ್ಲಿಯವರ ನಂಬಿಕೆ. ಅವಳ ಬಯಕೆಗೆಂದು ನಿಂಬೆಹಣ್ಣಿನ ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ದಂಡೆಗೆ ಹೋಗುತ್ತಾರೆ. ಅರಿಸಿನ, ಕಿವಿಯೋಲೆ, ಕರಿಮಣಿಯನ್ನು ನೀರಿಗೆ ಬಿಡುತ್ತಾರೆ. ಶ್ರೀರಂಗದ ರಂಗನಾಥನೂ ಆಡಿಯಲ್ಲಿ ಅಮ್ಮಾಮಂಟಪದ ಘಟ್ಟಕ್ಕೆ ದಯಮಾಡಿಸಿ, ತಂಗಿಗೆ ಕೊಡುವಂತೆ ಕಾವೇರಿಗೆ ಸೀರೆ ಕೊಡುತ್ತಾನೆ.

ಪೆರುಕ್ಕು ಎಂದರೆ ಉಕ್ಕು, ಏರು. ನಮ್ಮ ಹಳಗನ್ನಡದ ‘ಪೆರ್ಚು’ ಇದರ ಒಡಹುಟ್ಟು. ಪಕಾರ ಹಕಾರವಾಗಿ ಅದೇ ಇಂದಿನ ‘ಹೆಚ್ಚು’. ತಮಿಳು ಮಕ್ಕಳ ಲೆಕ್ಕದಲ್ಲಿ ಗುಣಾಕಾರವೂ ಪೆರುಕ್ಕಲ್.

ನನಗೆ ಈ ಪದ ಅಚ್ಚುಮೆಚ್ಚಾಗುವುದು ಮನೆಯೊಳಗೆ. ತಮಿಳರು ಕಸ ಗುಡಿಸುವುದಕ್ಕೂ ಪೆರುಕ್ಕು ಎನ್ನುತ್ತಾರೆ. ಮನೆಯಿಂದ ಏನೋ ಹೊರಗೆ ಹೋಗುವಾಗ ಬಾಯಲ್ಲಿ ಬರುವುದು ಬೆಳೆಯುವ ಮಾತು. ತಾಳಿಯ ದಾರ ಕಿತ್ತರೆ ‘ಕಿತ್ತಿತು’ ಎನ್ನುವಂತಿಲ್ಲ, ‘ಪೆರುಗಿತು’ ಎನ್ನಬೇಕು. ಹೊಸದಾಗಿ ಮದುವೆಯಾದವಳು ಹಳೆಯ ದಾರ ಬಿಚ್ಚಿ ಹೊಸ ಅರಿಸಿನ ದಾರಕ್ಕೆ ತಾಳಿ ಪೋಣಿಸಿಕೊಳ್ಳುವುದೂ ತಾಳಿ ಪೆರುಕ್ಕುವುದೇ. ಅದಕ್ಕೆ ಹೇಳಿ ಮಾಡಿಸಿದ ದಿನ ಆಡಿಯ ಈ ಹದಿನೆಂಟು. ನಮ್ಮ ಅಜ್ಜಿಯರೂ ಬಳೆ ಒಡೆಯಿತು ಎಂದವರಲ್ಲ; ‘ಬಳೆ ಹೆಚ್ಚಿತು’ ಎಂದರು. ಒಂದೇ ಬೇರಿನ ಎರಡು ಪದಗಳು ಎರಡು ನುಡಿಗಳಲ್ಲೂ ಹೆಂಗಸರ ಕೈಯಲ್ಲಿ ಒಂದೇ ಕೆಲಸಕ್ಕೆ ಬಂದಿವೆ. ಯಾವ ನಿಘಂಟಿನ ವ್ಯುತ್ಪತ್ತಿಗಿಂತಲೂ ಈ ನಂಟು ನನಗೆ ದೊಡ್ಡದು.

ಆಡಿ ಪೆರುಕ್ಕಿನ ದಿನಗಳಲ್ಲೇ ನಮ್ಮ ಪತ್ರಿಕೆಗಳು ‘ಕೆಆರ್‌ಎಸ್ ಒಳಹರಿವು ಹೆಚ್ಚಳ’ ಎಂದು ಬರೆಯುವುದು. ಕೊಡಗಿನಲ್ಲಿ ಮಳೆ ಹಿಡಿದರೆ ಇಲ್ಲಿ ಹೆಚ್ಚಳ, ಆ ನೀರು ಮೆಟ್ಟೂರು ದಾಟಿದರೆ ಅಲ್ಲಿ ಪೆರುಕ್ಕು. ಮಳೆ ಕೈಕೊಟ್ಟ ವರ್ಷ ಎರಡೂ ಇಲ್ಲ, ಜಗಳ ಮಾತ್ರ ಇರುತ್ತದೆ. ಅಂಥ ಬರಗಾಲದಲ್ಲಿ ತಿರುಚ್ಚಿಯ ಘಟ್ಟದಲ್ಲಿ ಕೊಳವೆಬಾವಿ ನೀರು ತಂದು ಕೊಟ್ಟದ್ದುಂಟು. ಜನ ನಲ್ಲಿಯಡಿ ಮಿಂದು, ಮರಳ ಮೇಲೆ ಅರಿಸಿನ ಕುಂಕುಮ ಇಟ್ಟು, ಆ ದಿನವನ್ನೂ ಪೆರುಕ್ಕು ಎಂದೇ ಕರೆದರು. ಕಿತ್ತ ತಾಳಿದಾರಕ್ಕೆ ಪೆರುಗಿತು ಎಂದವರಿಗೆ ಬತ್ತಿದ ಹೊಳೆಗೂ ಬೇರೆ ಮಾತು ಬೇಕಾಗಲಿಲ್ಲ.